ವಾಪಸು ಬಂದ ಲಕೋಟೆ

ಅಮ್ಮಾ,

ನಗಬೇಡ. ನಮ್ಮ ಕಚೇರಿಯಿಂದ ನನ್ನ ಹೆಸರಿಗೇ ಹೋಗಿದ್ದ ಲಕೋಟೆ ಇವತ್ತು ನನ್ನ ಮೇಜಿಗೇ ವಾಪಸು ಬಂತು. ಮೇಲೆ ಅಂಚೆಯವರು ‘ಈ ವಿಳಾಸದಲ್ಲಿ ಯಾರೂ ಇಲ್ಲ’ ಎಂದು ಗೀಚಿದ್ದರು.

ನನ್ನ ಕೆಲಸ ನಿನಗೆ ಗೊತ್ತಲ್ಲ. ತೆರಿಗೆ ಕಾಗದಗಳಲ್ಲಿ ಹೋದ ವರ್ಷದ ವಿಳಾಸವನ್ನೂ ಈ ವರ್ಷದ್ದನ್ನೂ ತಾಳೆ ನೋಡಿ, ಯಾವ ಜಿಲ್ಲೆಯಿಂದ ಯಾವ ಜಿಲ್ಲೆಗೆ ಎಷ್ಟು ಸಂಸಾರ ಹೋದವು, ಅವುಗಳ ಜೊತೆ ಎಷ್ಟು ಆದಾಯ ಹೋಯಿತು ಎಂದು ಪಟ್ಟಿ ಮಾಡುವುದು. ಬಾಡಿಗೆ ಮನೆ ಬದಲಾಗುತ್ತಲೇ ಇರುತ್ತದೆಂದು ನಾನು ಮಾತ್ರ ಕೆಲಸಕ್ಕೆಂದು ಈ ಊರಿಗೆ ಬಂದ ಆರು ವರ್ಷವೂ ನಿನ್ನ ಮನೆಯ ವಿಳಾಸವನ್ನೇ ಕೊಟ್ಟಿದ್ದೆ.

“ಊರವರ ವಲಸೆಯೆಲ್ಲಾ ಎಣಿಸ್ತೀರಿ, ನೀವೇ ಇನ್ನೂ ಮನೆ ಬಿಟ್ಟಿಲ್ವಲ್ರೀ!” ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ. ಪಟ್ಟಿಯ ಪ್ರಕಾರ ಇಷ್ಟು ವರ್ಷದ ನನ್ನ ಸಂಬಳವೆಲ್ಲ ನಿನ್ನ ಜಿಲ್ಲೆಯ ಆದಾಯ. ಸೋರುತ್ತಿದ್ದ ನಿನ್ನ ಅಡುಗೆಮನೆಗೆ ಅದರಲ್ಲಿ ಎಷ್ಟು ತಲುಪಿತೆಂದು ಪಟ್ಟಿ ಕೇಳುವುದಿಲ್ಲ.

ಮಧ್ಯಾಹ್ನ ವಿಳಾಸ ತಿದ್ದಿದೆ. ಒಂದು ಸಂಸಾರ, ಒಬ್ಬಳು, ನಿನ್ನ ಜಿಲ್ಲೆಯಿಂದ ಹೊರಕ್ಕೆ. ನೀನು ಕಣ್ಣು ಮುಚ್ಚಿ ನಾಲ್ಕು ತಿಂಗಳಾದ ಮೇಲೆ, ಲೆಕ್ಕದಲ್ಲಿ ನಾನು ಈಗ ಹೊರಟೆ.

ನೀನಿದ್ದಾಗ ಒಂದು ಲಕೋಟೆಯೂ ಹಿಂದಕ್ಕೆ ಬರಲಿಲ್ಲ. ಬಂದ ದಿನವೇ ನಿನ್ನ ಫೋನು: “ನಿಂಗೊಂದು ಕಾಗದ ಬಂದಿದೆ ಕಣೇ, ಬಂದು ತಗೊಂಡ್ಹೋಗು.”

“ನೀನೇ ಒಡೆದು ಓದ್ಬಿಡಮ್ಮಾ.”

ಕಚೇರಿಯ ವಿಳಾಸದಿಂದ ಹಿಡಿದು ಮೊಹರಿನ ತಾರೀಖಿನವರೆಗೆ ಒಂದಕ್ಷರ ಬಿಡದೆ, ನಿಧಾನವಾಗಿ ಓದುತ್ತಿದ್ದೆ ನೀನು. ‘ಬೇಗ ಓದಮ್ಮಾ’ ಎನ್ನುತ್ತಿದ್ದೆ ನಾನು.