ಶಂಕ್ರವ್ವನ ಕುಂಕುಮ, ಈರಪ್ಪಜ್ಜನ ಕಾರ್ಡು

ಬೆಟಗೇರಿ, ಶಾಲಿವಾಹನ ಶಕೆ ೨೧೭೦, ಸರ್ವಧಾರಿ ಸಂವತ್ಸರ, ಆಶ್ವಯುಜ ಮಾಸ. ನಿಮ್ಮ ಕ್ಯಾಲೆಂಡರಿನಲ್ಲಿ ೨೨೪೮.

ಪೂಜ್ಯ ಈರಪ್ಪಜ್ಜನವರಿಗೆ ನೀಲವ್ವನ ನಮಸ್ಕಾರಗಳು.

ನಿಮಗಿನ್ನೂ ಮದುವೆಯೇ ಆಗಿಲ್ಲ, ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಕ್ಕಿಲ್ಲ. ಅಜ್ಜ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡಿ. ನಮಗೆ ನೀವು ಮುತ್ತಜ್ಜನ ಮುತ್ತಜ್ಜ, ಬೇರೆ ಹೇಗೆ ಕರೆಯಲಿ? ನನ್ನ ಬರವಣಿಗೆ ನಿಮಗೆ ವಿಚಿತ್ರವೆನಿಸಿದರೆ ಅದನ್ನೂ ಕ್ಷಮಿಸಬೇಕು. ನಮ್ಮ ಕಾಲದಲ್ಲಿ ಕಣ್ಣಿನಿಂದ ಓದುವವರು ಕಡಿಮೆ. ಸುದ್ದಿ, ಪಾಠ, ಸಂತೆಯ ದರ ಎಲ್ಲವನ್ನೂ ಕಿವಿಯ ಹಿಂದೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ ಪಿಸುಗುಟ್ಟುತ್ತದೆ, ಅದಕ್ಕೆ ಕಿವಿಮಾತು ಎಂದೇ ಹೆಸರು. ಅಂಗಡಿಗಳಿಗೆ ಬೋರ್ಡಿಲ್ಲ. ಮುಂದೆ ಹೋದರೆ ಅಂಗಡಿಯೇ ತನ್ನ ಹೆಸರು ಹೇಳುತ್ತದೆ, ಕೆಲವು ಹೇಳಿದ್ದನ್ನೇ ಹೇಳಿ ತಲೆ ತಿನ್ನುತ್ತವೆ. ಕಪ್ಪತಗುಡ್ಡದ ಗಾಳಿಯಿಂದ ಓಡುವ ಮಗ್ಗಗಳು ನಮ್ಮ ಓಣಿಯಲ್ಲಿ ಮತ್ತೆ ಬಂದಿವೆ. ಗಾಳಿ ಬಿದ್ದ ದಿನ ನೇಕಾರರು ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತಾರೆ. ಮಗ್ಗ ಬಂದವು, ಮಗ್ಗದ ಹಾಡು ಬರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಹಾಡಿಗಾಗಿ.

ನಮ್ಮ ಮನೆಯ ಮಗ್ಗದಲ್ಲಿ ನೇಯುವ ನನ್ನ ಚಿಗವ್ವ ಸಂಗವ್ವನಿಗೆ ಕಣ್ಣಿನ ನರ ಒಣಗುವ ಕಾಯಿಲೆ. ಬರುವ ಯುಗಾದಿಯ ಹೊತ್ತಿಗೆ ಅವಳಿಗೆ ಬೆಳಕಷ್ಟೇ ಕಂಡೀತು, ಅಕ್ಷರ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಅವಳಿಗೆ ಇರುವುದು ಒಂದೇ ಆಸೆ. ನಿಮ್ಮ ತಾಯಿ ಶಂಕ್ರವ್ವ ತಾನು ಮಗ್ಗದ ಮುಂದೆ ಹಾಡುತ್ತಿದ್ದ ಹಾಡನ್ನು ಮನೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟಿದ್ದಾಳೆ ಎಂಬ ಮಾತು ನಮ್ಮ ಮನೆಯ ಹೆಂಗಸರಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅದನ್ನು ತನ್ನ ಕಣ್ಣಿಂದಲೇ ಓದಬೇಕು ಎಂದು ಚಿಗವ್ವ ಹಟ ಹಿಡಿದಿದ್ದಾಳೆ. ಓದು ಬಲ್ಲವರಲ್ಲಿ ನಮ್ಮ ಮನೆಗೆ ಅವಳೇ ಹಿರಿಯಳು.

ಕಂಪ್ಯೂಟರು ನಮ್ಮ ಅಟ್ಟದ ಮೇಲೆಯೇ ಇತ್ತು. ನೀವು ಕೊಂಡುತಂದ ಚಪ್ಪಟೆ ಮಾನಿಟರ್ ಎಂದೋ ಸತ್ತಿದೆ. ಶಂಕ್ರವ್ವನ ಕಾಲದ ದಪ್ಪ ಗಾಜಿನ ಮಾನಿಟರ್ ಮಾತ್ರ ಸೀರೆಯಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು, ಕರೆಂಟು ಕೊಟ್ಟರೆ ಮಿಣುಕಿತು ಕೂಡ. ಕಂಪ್ಯೂಟರಿಗೂ ಪರದೆಗೂ ಹೊಂದಿಕೆ ನೋಡುವ ಕಸುಬಿಗೆ ಈಗ ಗಣಕೂಟ ಎನ್ನುತ್ತಾರೆ. ನಿಮ್ಮ ಕಾಲದಲ್ಲಿ ಆ ಮಾತು ಹುಡುಗ ಹುಡುಗಿಯ ಜಾತಕಕ್ಕೆ ಮೀಸಲಾಗಿತ್ತಂತೆ. ಕೂಟ ನೋಡಲು ಬಂದವರು ತಲೆ ಅಲ್ಲಾಡಿಸಿದರು. ಪೆಟ್ಟಿಗೆಯೊಳಗೆ ನೀವು ಹಾಕಿಸಿದ ವಿಡಿಯೋ ಕಾರ್ಡು ಚಿತ್ರದ ಗೆರೆಗಳನ್ನು ಅವಸರದಲ್ಲಿ ಕಳಿಸುತ್ತದೆ, ಈ ಹಳೆಯ ಮಾನಿಟರ್ ನಿಧಾನವಾಗಿ ತೆಗೆದುಕೊಳ್ಳುತ್ತದೆ, ಇವೆರಡರ ಸಂಸಾರ ನಡೆಯದು ಎಂದರು. ಕೊನೆಗೆ ಗೆರೆಗಳನ್ನು ತಡೆದು ನಿಧಾನಕ್ಕೆ ಬಿಡುವ ಒಂದು ಡಬ್ಬಿಯನ್ನು ನಡುವೆ ಇಟ್ಟೆವು. ಚಿತ್ರ ಬಂತು, ಆದರೆ ಓರೆಯಾಗಿ ಹರಿದು ಓಡುತ್ತಿತ್ತು.

ಆಗ ಚಿಗವ್ವ ಮಾನಿಟರಿನ ವೈರನ್ನು ಕೈಗೆ ತೆಗೆದುಕೊಂಡು ಅದರ ತುದಿಯ ಪ್ಲಗ್ಗನ್ನು ಬೆರಳಿನಿಂದ ಸವರಿದಳು. ಕಣ್ಣು ಹೋಗುತ್ತಿರುವವರ ಬೆರಳು ಚುರುಕು. ಬೆರಳ ತುದಿ ಕೆಂಪಾಯಿತು. ಶಂಕ್ರವ್ವ ವರ್ಷ ವರ್ಷವೂ ಆಯುಧಪೂಜೆಗೆ ಇಟ್ಟ ಕುಂಕುಮ ಪ್ಲಗ್ಗಿನೊಳಗೆ ಇಳಿದು ಗಟ್ಟಿಯಾಗಿ ಕೂತಿತ್ತು. ಪ್ರತಿ ಗೆರೆಯೂ ಎಲ್ಲಿ ಶುರುವಾಗಬೇಕು ಎಂದು ಮಾನಿಟರಿಗೆ ಹೇಳುವ ಒಂದು ಪಿನ್ನಿದೆ. ಅದೇ ಪಿನ್ನು ಕುಂಕುಮದಲ್ಲಿ ಮುಳುಗಿತ್ತು. ಸೂಜಿಯಿಂದ ಬಿಡಿಸಿ ಒರೆಸಿದ ಮೇಲೆ ಚಿತ್ರ ನೆಟ್ಟಗೆ ನಿಂತಿತು. ನಾವೆಲ್ಲ ನಕ್ಕೆವು. ಆ ಕ್ಷಣವೇ ನನಗೆ ನಿಮ್ಮ ಕಥೆ ನೆನಪಾಯಿತು.

ಆ ಕಥೆಯನ್ನು ನಾವು ಪ್ರತಿ ಆಯುಧಪೂಜೆಯಂದು ಹೆಮ್ಮೆಯಿಂದ ಹೇಳುತ್ತೇವೆ. ತಾಯಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಈರಪ್ಪಜ್ಜ ಅವಳ ಕಂಪ್ಯೂಟರನ್ನು ಕೆಳಗಿಳಿಸಿದ. ಚಿತ್ರ ಓರೆಯಾಗಿ ಓಡಿತು. ಅಂಗಡಿಯವನು ಕಾರ್ಡಿಗೂ ಮಾನಿಟರಿಗೂ ಹೊಂದಾಣಿಕೆ ಇಲ್ಲ, ಎರಡನ್ನೂ ಬದಲಿಸಿ ಎಂದ. ಅಜ್ಜ ಬದಲಿಸಿದ, ಕಂಪ್ಯೂಟರಿಗೆ ಜೀವ ಬಂತು. ಪೂಜೆಗೊಂಡ ಮಾನಿಟರನ್ನು ಎಸೆಯಲು ಮನಸ್ಸಾಗದೆ ಸೀರೆ ಸುತ್ತಿ ಅಟ್ಟಕ್ಕೆ ಇಟ್ಟ. ಪೆಟ್ಟಿಗೆಯ ಒಳಗೆ ಕೂತಿದ್ದ ಕಾರ್ಡಿಗೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಅದು ಗುಜರಿಗೆ ಹೋಯಿತು.

ಅಜ್ಜಾ, ಕನ್ನಡ ಇದ್ದದ್ದು ಆ ಕಾರ್ಡಿನಲ್ಲಿ. ಶಂಕ್ರವ್ವನ ಕಡತದಲ್ಲಿರುವುದು ಬರೀ ಅಂಕಿಗಳು. ಆ ಅಂಕಿಗಳನ್ನು ಅ, ಆ, ಕ ಎಂದು ಪರದೆಯ ಮೇಲೆ ಮೂಡಿಸುವ ವಿದ್ಯೆ ಅವಳ ಕಾರ್ಡಿಗೆ ಮಾತ್ರ ಗೊತ್ತಿತ್ತು. ನಿಮ್ಮ ಹೊಸ ಕಾರ್ಡು ನಮಗೆ ತೋರಿಸಿದ್ದು ಇಂಗ್ಲಿಷ್ ಅಕ್ಷರಗಳನ್ನು, ಒಂದರ ತಲೆಗೆ ಟೊಪ್ಪಿಗೆ, ಇನ್ನೊಂದಕ್ಕೆ ಬಾಲ. ಕಡತ ಹಾಳಾಗಿದೆ ಎಂದು ನೀವು ಕೈಬಿಟ್ಟಿರಿ. ನಮ್ಮಲ್ಲಿ ಲೆಕ್ಕ ಬಲ್ಲವರು ಊಹಿಸಲು ಕುಳಿತರು. ಇರುವುದೇ ಕೆಲವು ಸಾಲು, ಒತ್ತಕ್ಷರಗಳನ್ನು ಆ ಕಾರ್ಡು ತನ್ನದೇ ರೀತಿಯಲ್ಲಿ ಒಡೆದಿಟ್ಟಿದೆ. ಒಬ್ಬೊಬ್ಬರ ಊಹೆಯಿಂದ ಒಂದೊಂದು ಹಾಡು ಹೊರಟಿತು, ಯಾವುದನ್ನೂ ನಂಬುವಂತಿರಲಿಲ್ಲ.

ಚಿಗವ್ವ ಪರದೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. “ಸಾಲಿನ ಕಡಿಗೆ ಅದ ಗುರ್ತು ತಿರುಗಿ ತಿರುಗಿ ಬರಾಕತ್ತೈತಿ ನೋಡವಾ. ಇದು ಹಾಡಽ ಐತಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹಾಡಂತೂ ಹೌದು. ಯಾವ ಹಾಡು ಅಂತ ಗೊತ್ತಾಗವಲ್ದು,” ಎಂದು ಎದ್ದು ಒಳಗೆ ಹೋದಳು. ಅವಳ ಆ ಮಾತು ನನ್ನನ್ನು ಇಂದಿಗೂ ಸುಡುತ್ತದೆ. ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮರುಕವೂ ಆಯಿತು. ತಾಯಿಯ ನೆನಪನ್ನು ಉಳಿಸಲೆಂದೇ ನೀವು ಸ್ಕ್ರೂಡ್ರೈವರ್ ಹಿಡಿದಿರಿ.

ಅದಕ್ಕೆ ಕೈಮುಗಿದು ಕೇಳುತ್ತೇನೆ. ಇದನ್ನು ಓದುವ ಹೊತ್ತಿಗೆ ನೀವಿನ್ನೂ ಏನನ್ನೂ ಬದಲಿಸಿಲ್ಲ, ನಿಮ್ಮ ಮುಂದೆ ಚಿತ್ರ ಓರೆಯಾಗಿ ಓಡುತ್ತಿರಬೇಕು. ಅಂಗಡಿಗೆ ಹೋಗಬೇಡಿ. ಕರೆಂಟು ತೆಗೆದು, ಮಾನಿಟರಿನ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ನೋಡಿ. ಕೆಂಪಗೆ ಕಂಡರೆ ಅದು ನಿಮ್ಮ ಅವ್ವನ ಬೆರಳಿನದು, ಮೆಲ್ಲಗೆ ತೆಗೆಯಿರಿ. ಅಕ್ಷರ ಮೂಡಿದ ಮೇಲೆ ಆ ಹಾಡನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಹಾಡಿ. ನಿಮ್ಮ ದನಿ ಹೇಗಿದ್ದರೂ ಚಿಂತೆಯಿಲ್ಲ. ಯಾರಾದರೊಬ್ಬರು ಕಲಿತುಕೊಳ್ಳುತ್ತಾರೆ, ಅವರಿಂದ ಇನ್ನೊಬ್ಬರು, ಹಾಗೆ ಅದು ಇಲ್ಲಿಗೆ ತಲುಪುತ್ತದೆ.

ಈ ಪತ್ರ ನಿಮ್ಮ ಕೈ ಸೇರುವುದೇ ಆಗಿದ್ದರೆ ಚಿಗವ್ವನಿಗೆ ಆ ಹಾಡು ಚಿಕ್ಕಂದಿನಿಂದಲೇ ಬರುತ್ತಿತ್ತು. ಈ ಹೊತ್ತಿನಲ್ಲಿ ಅವಳು ಅದನ್ನು ಹಾಡುತ್ತ ನೇಯುತ್ತಿರಬೇಕಿತ್ತು. ಬರೆಯುವುದನ್ನು ನಿಲ್ಲಿಸಿ ಆಗಿನಿಂದ ಕಿವಿಗೊಟ್ಟು ಕೂತಿದ್ದೇನೆ. ಒಳಗಿನಿಂದ ಮಗ್ಗದ ಸದ್ದು ಮಾತ್ರ ಬರುತ್ತಿದೆ.

ನಿಮ್ಮ ಮನೆಯ ಮಗಳು,
ನೀಲವ್ವ