ಉಡಿ ತುಂಬಿ ಕಳಿಸಿದ ಕೂರಿಗೆ

ಪ್ರೀತಿಯ ದೊಡ್ಡವ್ವನಿಗೆ,

ದಾವಣಗೆರೆಯಿಂದ ನಿನ್ನ ನೇತ್ರಾ ಮಾಡುವ ನಮಸ್ಕಾರ. ಫೋನ್ ಮಾಡಿದರೆ ನೀನು "ಉಂಡ್ಯೇನವ್ವ?" ಎಂದು ಶುರು ಮಾಡುತ್ತೀಯ, ನಾನು ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದು.

ಯುಗಾದಿ ಮುಗಿಸಿ ಕೊಕ್ಕನೂರಿಗೆ ಬಂದಾಗ ನನಗೆ ಎಲ್ಲಿಲ್ಲದ ಉತ್ಸಾಹ. ಮನೆಯ ಹಳೇ ಸಾಮಾನುಗಳನ್ನು ಜೋಡಿಸಿ ನಮ್ಮ ಮನೆತನದ ಶಿಲ್ಪ ಮಾಡುತ್ತೇನೆಂದು ದನದ ಕೊಟ್ಟಿಗೆಯನ್ನೆಲ್ಲ ಜಾಲಾಡಿದೆ. ಮುರಿದ ಗಾಡಿಗಾಲಿ ಸಿಕ್ಕಿತು, ತೂತುಬಿದ್ದ ಹಂಡೆ ಸಿಕ್ಕಿತು. ಕೊನೆಗೆ ಮೂಲೆಯಲ್ಲಿ ನಿಲ್ಲಿಸಿದ್ದ, ಎತ್ತು ಕಟ್ಟಿ ಬೀಜ ಬಿತ್ತುವ ಕೂರಿಗೆ. ಟ್ರ್ಯಾಕ್ಟರಿನಲ್ಲಿ ಬಿತ್ತಲು ಶುರುಮಾಡಿ ಎಷ್ಟೋ ವರ್ಷವಾಯಿತು, ಇದು ಇನ್ನು ಯಾರಿಗೆ ಬೇಕು ಎಂದುಕೊಂಡು, "ಒಯ್ಯಲಾ ದೊಡ್ಡವ್ವ?" ಎಂದು ಕೇಳಿಯೇಬಿಟ್ಟೆ. ನೀನು ಸೆರಗಿನಿಂದ ಅದರ ಧೂಳು ಒರೆಸಿದೆ. "ಒಯ್ಯವ್ವ, ನಿಂದೂ ಮನೀನೇ ಐತಲ್ಲ" ಅಂದೆ.

ಗಾಡಿಗೆ ಏರಿಸುವ ಮೊದಲು ನೀನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಹಸಿರು ಕುಪ್ಪಸದ ಕಣ ಸುತ್ತಿ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದೆ. ಗಂಡನ ಮನೆಗೆ ಹೊರಟ ಹುಡುಗಿಗೆ ಮಾಡುವ ಹಾಗೆ. ನಾನೇನು ಮಾಡಿದೆ? ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಹರಿಹರ ಬರುವಷ್ಟರಲ್ಲಿ ಆ ಉತ್ತತ್ತಿಯನ್ನೆಲ್ಲ ತಿಂದು ಮುಗಿಸಿದ್ದೆ.

ಬಿ ಬ್ಲಾಕಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಗರಗಸದಿಂದ ತುಂಡು ಮಾಡಿದೆ. ಅದರ ಮರದ ದಿಂಡನ್ನು ಬೆನ್ನೆಲುಬು ಮಾಡಿ, ಬಿದಿರಿನ ಕೊಳವೆಗಳನ್ನು ಬೆರಳಾಗಿ ಜೋಡಿಸಿದೆ. ಕಾಳು ಬಿಡುವ ಬಟ್ಟಲಿನ ನಟ್ಟನಡುವೆ ಡ್ರಿಲ್ ಹಾಕಿ, ಬೋಲ್ಟು ಬಿಗಿದು, ತಲೆ ಎಂದು ಕೂರಿಸಿದೆ. ಕೆಲಸ ಚೆನ್ನಾಗಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ.

ಅದನ್ನು ಪ್ರದರ್ಶನಕ್ಕಿಟ್ಟ ದಿನ ತಮ್ಮ ಅಂಜಿನಪ್ಪ ನಿನ್ನನ್ನು ಬೈಕಿನಲ್ಲಿ ಕರೆತಂದ. ಶಿಲ್ಪದ ಕೆಳಗೆ ನಾನು ಬರೆಸಿದ್ದ ಫಲಕವನ್ನು ನೀನು ಅಕ್ಷರ ಕೂಡಿಸಿ ಓದಿದೆ: 'ನಮ್ಮ ಮನೆತನ. ಬಿಸಾಡಿದ ವಸ್ತುಗಳಿಂದ.' ಆಮೇಲೆ ನನಗಷ್ಟೇ ಕೇಳುವ ಹಾಗೆ, "ಬಿಸಾಡಿದ್ದಲ್ಲವ್ವ, ಕಳಿಸಿದ್ದು" ಅಂದೆ. ಸುತ್ತ ಜನ ಇದ್ದರಲ್ಲ, ನಾನು ನಕ್ಕು ನಿನ್ನನ್ನು ಫೋಟೋಗೆ ಎಳೆದುಕೊಂಡೆ. ಆ ಫೋಟೋದಲ್ಲಿ ನೀನು ಕ್ಯಾಮೆರಾ ನೋಡುತ್ತಿಲ್ಲ. ನಿನ್ನ ಹೆಬ್ಬೆರಳು ಬಟ್ಟಲಿನ ಬೋಲ್ಟಿನ ಮೇಲಿದೆ.

ಮೊನ್ನೆ ಅಂಜಿನಪ್ಪ ಫೋನ್ ಮಾಡಿದ್ದ. "ಮೆಕ್ಕೆಜೋಳ ಬಿತ್ತಾಕ ಟ್ರ್ಯಾಕ್ಟರ್ ಹೊಂಟ್ರೂ ಅವ್ವ ಹೊರಗ ಬರ್ಲಿಲ್ಲಕ್ಕ. ಪ್ರತಿ ವರ್ಷ ಕೂರಿಗಿಗೆ ಉಡಿ ತುಂಬಿದ ಮ್ಯಾಲೇ ಬೀಜ ಹೊಲಕ್ಕ ಕಳಿಸ್ತಿದ್ಲು." ಹಾಗಾದರೆ ನನಗ್ಯಾಕೆ ಕೊಟ್ಟಳು ಎಂದು ರೇಗಿದೆ. "ತವರಿಗೆ ಬಂದ ಮಗಳು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನಾಕ ಬರ್ತೈತೇನಕ್ಕ?" ಎಂದ.

ದೊಡ್ಡಪ್ಪ ತೀರಿಕೊಂಡ ಮೇಲೆ ಊರಲ್ಲಿ ಯಾವ ಹೆಣ್ಣುಮಗಳೂ ನಿನ್ನ ಕೈಯಿಂದ ಉಡಿ ತುಂಬಿಸಿಕೊಳ್ಳಲಿಲ್ಲ. ನನ್ನ ಮದುವೆಯಲ್ಲಿ ನೀನು ಒಲೆ ಮುಂದೆಯೇ ಇದ್ದೆ. ಸಾಕಿ ಬೆಳೆಸಿದವಳನ್ನು ಹಂದರದೊಳಗೆ ಕರೆಯುವ ಧೈರ್ಯ ನನಗೂ ಬರಲಿಲ್ಲ. ವರ್ಷಕ್ಕೊಮ್ಮೆ ಆ ಕೂರಿಗೆಯೊಂದೇ ನಿನ್ನ ಕೈಗೆ ಉಡಿ ಒಡ್ಡುತ್ತಿತ್ತು. ಅದನ್ನೂ ಹೊತ್ತು ತಂದು ಕೊಯ್ದು ಹಾಕಿದೆ.

ಶಿಲ್ಪವನ್ನು ಬಿಚ್ಚಿದ್ದೇನೆ. ಕೊಯ್ದ ದಿಂಡು ಕೂಡುವುದಿಲ್ಲ. ಬಟ್ಟಲಿನ ತೂತು ಮುಚ್ಚಿದರೂ ಕಲೆ ಕಾಣುತ್ತದೆ. ಭಾನುವಾರ ಎಲ್ಲವನ್ನೂ ತರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಬೈಯಿ, ಎರಡೇಟು ಹಾಕು, ಆಮೇಲೆ ಬೇಕಾದರೆ ಒಳಗೆ ಕರೆ.

ಕ್ಷಮಿಸು ಎಂದು ಮಾತ್ರ ಈ ಪತ್ರದಲ್ಲಿ ಎಲ್ಲೂ ಕೇಳಿಲ್ಲ. ಕೇಳಿದರೆ ನೀನು ಇಲ್ಲ ಅನ್ನುವುದಿಲ್ಲ, ಅದಕ್ಕೇ.

ನೂರು ವರ್ಷ ಬಾಳು. ನಿನ್ನ ಪಾದ ಮುಟ್ಟಿ,
ನಿನ್ನ ನೇತ್ರಾವತಿ