ಎಷ್ಟು ಸಲ ನೋಡಿದರೂ ಅದೇ ಮಾತು

ಮಂಗಳವಾರ, ಆಗಸ್ಟ್ ೧೨

ಗಣಿತ ಬಿಡುತ್ತೇನೆಂದು ಎರಡನೇ ವರ್ಷದ ಹುಡುಗಿಯೊಬ್ಬಳು ಇವತ್ತು ಸ್ಟಾಫ್ ರೂಮಿಗೆ ಬಂದಳು. ಈ ವರ್ಷ ಕಲನಶಾಸ್ತ್ರಕ್ಕೆ ತರಗತಿಯಿಲ್ಲ, ನನ್ನ ವಿಡಿಯೋಗಳೇ ಪಾಠ.

"ವಿಡಿಯೋ ನೋಡಿದೆಯೇನಮ್ಮ?"

"ದಿನಾ ನೋಡ್ತೀನಿ ಸರ್. ಎಷ್ಟು ಸಲ ನೋಡಿದ್ರೂ ನೀವು ಅದೇ ಮಾತೇ ಹೇಳ್ತೀರಿ."

ನಗು ಬಂತು, ಬಂದ ಹಾಗೇ ಹೋಯಿತು. ತರಗತಿಯಲ್ಲಾದರೆ ಬೋರ್ಡಿನ ಮೇಲೆ ಒಂದು ಸಾಲು ಬರೆದು ತಿರುಗಿ ಮಕ್ಕಳ ಮುಖ ನೋಡುತ್ತಿದ್ದೆ. ಯಾರ ಹುಬ್ಬು ಗಂಟಾಗಿದೆಯೋ ಅವರಿಗಾಗಿ ಬೇರೆ ದಾರಿ ಹಿಡಿಯುತ್ತಿದ್ದೆ. ರೆಕಾರ್ಡಿಂಗಿನಲ್ಲೂ ಅಭ್ಯಾಸಬಲದಿಂದ ಹಾಗೇ ತಿರುಗಿ ನಿಂತಿದ್ದೆ. "ಸುಮ್ನೆ ನಿಂತಿದ್ದನ್ನೆಲ್ಲ ಕಟ್ ಮಾಡಿದೀನಿ ಸರ್," ಎಂದಿದ್ದ ಎಡಿಟಿಂಗ್ ಮಹಾಶಯ.

ಹಾಳೆ ತೆಗೆದು ಅವಳಿಗೆ ಸರಪಳಿ ನಿಯಮ ವಿವರಿಸಲು ಕೂತೆ. ಬಾಯಿಂದ ಬಂದದ್ದು ವಿಡಿಯೋಗೆಂದು ಹೊಸೆದ ಪ್ರಾಸವೇ: "ಹೊರಗಿನದು ಬಿಚ್ಚು, ಒಳಗಿನದು ಹಚ್ಚು." ಬೇರೆ ಮಾತಿಗೆ ತಡಕಾಡಿದೆ. ಅದೇ ಉದಾಹರಣೆ, ಅದೇ ಜೋಕು. ಅವಳ ತುಟಿಗಳೂ ಅದನ್ನೇ ಆಡುತ್ತಿದ್ದವು, ನನಗಿಂತ ಒಂದು ಪದ ಮುಂದೆ.

ಪೆನ್ನು ನಿಂತಿತು. ನನ್ನನ್ನು ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು. "ಅರ್ಥ ಆಯ್ತು ಬಿಡಿ ಸರ್," ಎಂದು ಗಣಿತ ಬಿಡುವ ಅರ್ಜಿ ಮುಂದಿಟ್ಟಳು. ಸಹಿ ಹಾಕಿದೆ.

ಅರ್ಥವಾಗಿಲ್ಲವೆಂದು ನನಗೆ ಗೊತ್ತು. ಎಲ್ಲಿ ತಿಳಿಯಲಿಲ್ಲ ಎಂದು ಕೇಳಬಹುದಿತ್ತು. ಕೇಳಿದ್ದರೆ, ಆಮೇಲೆ ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೇ ಮಾತು.